ಇಲ್ಲದವನ ಹೆಸರಿನ ಬೋರ್ಡು

ಬೆಂಗಳೂರಿನ ಸಿದ್ದಾಪುರದ ನಮ್ಮ ಮನೆಯ ಬಾಗಿಲ ಮೇಲೆ ಒಬ್ಬ ಗಂಡಸಿನ ಹೆಸರಿನ ಬೋರ್ಡಿದೆ. ಆ ಗಂಡಸು ನಾನಲ್ಲ. ನಮ್ಮಪ್ಪನೂ ಅಲ್ಲ, ಮನೆ ಮಾಲೀಕನೂ ಅಲ್ಲ. ಕಪ್ಪು ಬಣ್ಣದ ಮೇಲೆ ಹಳದಿ ಅಕ್ಷರದಲ್ಲಿ ‘ಬಿ. ಎಚ್. ರಾಜಶೇಖರ, ಮಾಜಿ ಸೈನಿಕರು’ ಎಂದಿದೆ. ಬಂದ ನೆಂಟರು ಚಪ್ಪಲಿ ಬಿಡುತ್ತಾ ಅದನ್ನೊಮ್ಮೆ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಅಡುಗೆಮನೆಗೆ ಹೋಗಿ ನನ್ನ ಹೆಂಡತಿಯನ್ನು ಮೆಲ್ಲಗೆ ವಿಚಾರಿಸುತ್ತಾರೆ. ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು. ಈಗ ಒಗ್ಗರಣೆ ಹಾಕುತ್ತಲೇ, “ಅವ್ರು ದೇಶ ಕಾಯೋಕೆ ಹೋಗಿದ್ರು, ಇವ್ರು ಅವ್ರ ಮನೆ ಕಾಯ್ತಾವ್ರೆ” ಅನ್ನುತ್ತಾಳೆ.

ನಾನು ಬೋರ್ಡ್ ಬರೆಯುವವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುಂಚ ಹಿಡಿದವನು. ಮೂವತ್ತು ವರ್ಷದಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟು ಎಂದು ಎಷ್ಟು ಜನರ ಹೆಸರು ಬರೆದಿದ್ದೇನೋ ನನಗೇ ತಿಳಿಯದು. ಓದಿದವರ ಹೆಸರನ್ನು ಓದದವನು ಬರೆಯುವುದರಲ್ಲಿ ಒಂದು ಸುಖವಿದೆ. ಅವರು ಐದು ವರ್ಷ ಒದ್ದಾಡಿ ಸಂಪಾದಿಸಿದ ಡಿಗ್ರಿಯನ್ನು ನಾನು ಐದು ನಿಮಿಷದಲ್ಲಿ ಮೂಡಿಸುತ್ತಿದ್ದೆ. ಜಯನಗರದಲ್ಲಿ ಒಬ್ಬ ರಿಟೈರ್ಡ್ ಎಂಜಿನಿಯರು ತಮ್ಮ ಹೆಸರಿನ ಮುಂದೆ ಒಂದೊಂದೇ ಪದವಿ ಸೇರಿಸುತ್ತಾ ಹೋಗಿ, ಬೋರ್ಡು ಬಾಗಿಲಿಗಿಂತ ಅಗಲವಾಯಿತು. ಒಳಗಿಂದ ಅವರ ಹೆಂಡತಿ ಬಂದು ನೋಡಿ, “ನಾವು ಓಡಾಡೋಕೂ ಸ್ವಲ್ಪ ಜಾಗ ಬಿಡಿ” ಎಂದು ಒಳಗೆ ಹೋದರು. ಮರುದಿನ ಎರಡು ಪದವಿ ಅಳಿಸಿಕೊಟ್ಟೆ.

ಆಗ ಎಲ್ಲರಿಗೂ ತಾವು ಇರುವ ಜಾಗ ಇತರರಿಗೆ ಗೊತ್ತಾಗಬೇಕು ಎನ್ನುವ ಆಸೆಯಿತ್ತು. ಟೆಲಿಫೋನ್ ಡೈರೆಕ್ಟರಿ ಎಂಬ ಇಟ್ಟಿಗೆಯಂಥ ಪುಸ್ತಕ ಬಂದಾಗ ಜನ ಮೊದಲು ಹುಡುಕುತ್ತಿದ್ದದ್ದು ತಮ್ಮದೇ ಹೆಸರನ್ನು. ಸಿಕ್ಕರೆ ಪೆನ್ನಲ್ಲಿ ಗೆರೆ ಎಳೆದು ಪಕ್ಕದ ಮನೆಯವರಿಗೆ ತೋರಿಸುತ್ತಿದ್ದರು. ಅದಕ್ಕೂ ಹಿಂದಿನವರು ಹಾಗಿರಲಿಲ್ಲ. ನಮ್ಮಜ್ಜಿಗೆ ಎರಡು ಗಂಡುಮಕ್ಕಳು ಹುಟ್ಟಿ ಸತ್ತವಂತೆ. ಮೂರನೆಯದು ಹುಟ್ಟಿದಾಗ ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ತಿಪ್ಪಯ್ಯ ಎಂದು ಹೆಸರಿಟ್ಟಳು. ಯಮ ಪಟ್ಟಿ ಹಿಡಿದುಕೊಂಡು ಬಂದರೆ ಈ ಹೆಸರು ಕೇಳಿ, ಇದೇನೋ ಕಸ ಎಂದು ಮುಂದೆ ಹೋಗಲಿ ಎಂದು. ಆ ತಿಪ್ಪಯ್ಯನೇ ನಮ್ಮಪ್ಪ. ಎಂಬತ್ತು ವರ್ಷ ಬದುಕಿದರು. ಹೆಸರು ಎಂದರೆ ಯಾರಾದರೂ ಹಿಡಿದು ಎಳೆಯಬಹುದಾದ ಜುಟ್ಟು ಎನ್ನುವುದು ಅಕ್ಷರ ಬಾರದ ಅಜ್ಜಿಗೆ ಗೊತ್ತಿತ್ತು. ಅಕ್ಷರದಲ್ಲೇ ಅನ್ನ ತಿನ್ನುವ ಮೊಮ್ಮಗನಿಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಬೇರೆಯವರ ಜುಟ್ಟನ್ನು ಕೈಯಾರೆ ಹಿಡಿದುಕೊಟ್ಟ ಮೇಲೆ ಗೊತ್ತಾಯಿತು.

ತೊಂಬತ್ತರ ಆಚೀಚೆ ಬಿಟಿಎಂನಲ್ಲಿ, ಮಡಿವಾಳ ಕೆರೆಯ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ಸ್ವಂತ ಅಂಗಡಿ ಹಾಕಿದೆ. ತಿಂಗಳಿಗೊಂದು ಬೀದಿ ಹುಟ್ಟುತ್ತಿತ್ತು. ರಾಗಿ ಹೊಲದಲ್ಲಿ ಮೂರು ಮಹಡಿ ಕಟ್ಟಿದ ಮುನಿಸ್ವಾಮಪ್ಪನವರು ಬೋರ್ಡಿಗೆ ಬಂದಾಗ ಒಂದು ಮಾತು ಹೇಳಿದ್ದರು: “ಹೊಲಕ್ಕೆ ಬೋರ್ಡೇ ಇರ್ಲಿಲ್ಲ ಕಣಪ್ಪ, ಯಾರ್ದು ಅಂತ ಎಲ್ರಿಗೂ ಗೊತ್ತಿತ್ತು. ಮನೆ ಕಟ್ಟಿದ್ಮೇಲೆ ಯಾರ್ಗೂ ಗೊತ್ತಾಗ್ತಿಲ್ಲ ನೋಡು.” ಆ ಗೊತ್ತಿಲ್ಲದ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅಡ್ರೆಸ್ ಚೀಟಿ ಹಿಡಿದ ಯಾರೇ ಬಸ್ಸಿಳಿಯಲಿ, ಟೀ ಅಂಗಡಿಯವನು, “ಬೋರ್ಡ್ ಅಣ್ಣನ್ನ ಕೇಳಿ” ಎಂದು ನನ್ನತ್ತ ಕಳಿಸುತ್ತಿದ್ದ. ಕುಂಚ ಕೆಳಗಿಡದೆ ದಾರಿ ಹೇಳುತ್ತಿದ್ದೆ. ಒಂದೇ ಒಂದು ಅಡ್ರೆಸ್ಸೂ ತಪ್ಪಿದ್ದಿಲ್ಲ ಎಂದು ಬೀಗುತ್ತಿದ್ದೆ.

ಆದರೆ ಕೇಳಿದವರಿಗೆಲ್ಲ ಹೇಳುತ್ತಿರಲಿಲ್ಲ. ಮೊದಲು ಒಂದು ಪ್ರಶ್ನೆ ಇರುತ್ತಿತ್ತು: “ನೀವು ಬರೋದು ಅವ್ರಿಗೆ ಗೊತ್ತಾ?” ನೆಂಟರಾದರೆ, “ಹೂಂ, ಬೆಳಗ್ಗೆನೇ ಫೋನ್ ಮಾಡಿದ್ವಿ” ಎಂದು ಚೀಲ ಕೆಳಗಿಟ್ಟು ಮಾತಿಗೆ ನಿಲ್ಲುತ್ತಿದ್ದರು. ಬೇರೆ ಥರದವರ ಕಣ್ಣು ಒಂದು ಕ್ಷಣ ಬೇರೆಡೆ ಹೋಗುತ್ತಿತ್ತು. ಅಂಥವರಿಗೆ, “ಗೊತ್ತಿಲ್ಲ ಸಾರ್, ನಾನೂ ಹೊಸಬ” ಎಂದು ಮತ್ತೆ ಬಣ್ಣ ಕಲಸಲು ಕೂರುತ್ತಿದ್ದೆ. ಗೊತ್ತಿದೆ ಎನ್ನುವುದನ್ನು ಸ್ಕೂಲಿನಲ್ಲಿ ಕಲಿಸುತ್ತಾರೆ. ಗೊತ್ತಿಲ್ಲ ಎನ್ನುವುದನ್ನು ಬೀದಿಯಲ್ಲಿ ನಿಂತೇ ಕಲಿಯಬೇಕು.

ನನ್ನ ಹತ್ತಿರ ಒಂದು ಬುಕ್ಕಿತ್ತು. ಕೆಂಪು ರಟ್ಟಿನ ಉದ್ದದ ಬುಕ್ಕು. ಶುರುವಿನ ದಿನಗಳಲ್ಲಿ ಒಬ್ಬ ವಕೀಲರ ಬೋರ್ಡಿನಲ್ಲಿ ಒಂದು ಇಂಗ್ಲಿಷ್ ಅಕ್ಷರ ಬಿಟ್ಟುಹೋಗಿತ್ತು. ಅವರು ರಸ್ತೆಯಲ್ಲೇ ನಿಂತು, “ಸ್ಕೂಲ್ ಬಿಟ್ಟೋರ ಕೈಗೆ ಕೊಟ್ರೆ ಇನ್ನೇನಾಗುತ್ತೆ” ಅಂದರು. ಅಂದಿನಿಂದ ಆರ್ಡರ್ ಕೊಟ್ಟವರ ಕೈಯಲ್ಲೇ ಬುಕ್ಕಿನಲ್ಲಿ ಬರೆಸತೊಡಗಿದೆ. ಬೋರ್ಡಿನಲ್ಲಿ ಬರಬೇಕಾದ ಹೆಸರು, ಆರ್ಡರ್ ಕೊಟ್ಟವರ ಸ್ವಂತ ಹೆಸರು, ಮನೆ ನಂಬರು. ಅದರ ಪಕ್ಕದಲ್ಲಿ ಬೋರ್ಡ್ ಹೊಡೆಯಲು ಹೋದಾಗ ತಡಕಾಡಬಾರದೆಂದು ನಾನು ಗುರುತು ಬರೆದುಕೊಳ್ಳುತ್ತಿದ್ದೆ: ‘ಹಸಿರು ಗೇಟು’, ‘ಹಲ್ಲಿನ ಡಾಕ್ಟರ ಮೇಲ್ಗಡೆ’, ಹೀಗೆ. ಆಯುಧಪೂಜೆಯ ದಿನ ಕುಂಚಗಳ ಜೊತೆ ಆ ಬುಕ್ಕಿಗೂ ಕುಂಕುಮ ಇಡುತ್ತಿದ್ದೆ.

ನಾನು ಸುಳ್ಳು ಬೋರ್ಡನ್ನೂ ಬರೆಯುತ್ತಿದ್ದೆ, ಅದನ್ನು ಹೇಳಿಬಿಡಬೇಕು. ‘ನಾಯಿ ಇದೆ, ಎಚ್ಚರಿಕೆ’ ಎಂದು ಬರೆಸಿಕೊಂಡ ಮನೆಗಳಲ್ಲಿ ಅರ್ಧದಷ್ಟರಲ್ಲಿ ಬೆಕ್ಕೂ ಇರಲಿಲ್ಲ. ಇಲ್ಲದ ನಾಯಿಯಷ್ಟೇ ಬೇಡಿಕೆ ಇಲ್ಲದ ಗಂಡಸಿಗೂ ಇತ್ತು. ಒಂಟಿಯಾಗಿ ಬಾಡಿಗೆಗಿರುವ ಹೆಣ್ಣುಮಕ್ಕಳು ಬಾಗಿಲಿಗೆ ಒಂದು ಗಂಡು ಹೆಸರು ಹಾಕಿಸಿಕೊಳ್ಳುತ್ತಿದ್ದರು. ಸೇಲ್ಸಿನವರು, ಕುಡಿದವರು, ಮಹಡಿ ಮೇಲಿನ ಬ್ಯಾಚುಲರುಗಳು ಆ ಹೆಸರನ್ನು ನೋಡಿ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ನಾಯಿಗೆ ಬೊಗಳುವ ಕೆಲಸವಾದರೂ ಇದೆ. ಗಂಡಸಿಗೆ ಬೋರ್ಡಿನಲ್ಲಿ ಇದ್ದರೆ ಸಾಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಹಾಗೆ ಬಂದವಳು ಬಾಗಲಕೋಟೆ ಕಡೆಯ ಹೆಣ್ಣುಮಗಳು. ಅವಳ ಹೆಸರು ಬರೆಯುವುದಿಲ್ಲ. ಒಮ್ಮೆ ಬರೆದದ್ದು ಸಾಕು. ಮುನಿಸ್ವಾಮಪ್ಪನವರ ಕಟ್ಟಡದಲ್ಲಿ ಬಾಡಿಗೆಗಿದ್ದಳು. ಒಂದು ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಕೆಲಸ. ಆರು ವರ್ಷದ ಮಗಳು ಸೆರಗು ಹಿಡಿದು ನಿಂತಿದ್ದಳು.

“ಒಂದ ಗಂಡಸರ ಹೆಸರ ಬರದ ಕೊಡ್ರಿ ಅಣ್ಣಾರ.”

“ಯಾರ ಹೆಸರಮ್ಮ?”

“ಯಾರದರ ಆಗ್ಲಿರಿ. ನಿಮಗ ಚಂದ ಅನಸಿದ್ದ ಹಾಕ್ರಿ.”

ಅಕ್ಷರ ಚೆನ್ನಾಗಿ ಕೂರುವ ಒಂದು ಹೆಸರನ್ನು ನಾನೇ ಹುಟ್ಟಿಸಿದೆ. ಬಿ. ಎಚ್. ರಾಜಶೇಖರ. ಕೆಳಗೆ ಪೊಲೀಸ್ ಇಲಾಖೆ ಎಂದು ಹಾಕೋಣವೇ ಎಂದರೆ, “ಬ್ಯಾಡ್ರಿ, ಪೊಲೀಸರ ಅಂದ್ರ ನಾನ ಬಾಗಲಾ ತಗ್ಯಾಕ ಹೆದರ್ತೀನಿ” ಎಂದು ನಕ್ಕಳು. ಮಿಲಿಟರಿಯವರನ್ನೇ ಹಾಕಿದೆವು. ಆಮೇಲೆ ಬುಕ್ಕು ಮುಂದಿಟ್ಟು ಸ್ವಂತ ಹೆಸರು ಬರೆಯಲು ಹೇಳಿದೆ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. “ಇದ ಬೇಕ ಏನ್ರಿ?” ಅಂದಳು.

“ಬೋರ್ಡಲ್ಲಿ ಏನಾದ್ರೂ ಇರ್ಲಿ ಕಣಮ್ಮ. ನನ್ನ ಬುಕ್ಕಲ್ಲಿ ಇವತ್ತಿನವರೆಗೂ ಸುಳ್ಳು ಬಂದಿಲ್ಲ” ಅಂದೆ, ಜಂಬದಿಂದ.

ಬರೆದಳು. ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಮೂರನ್ನೂ ದುಂಡಗೆ ಬರೆದಳು. ಬೋರ್ಡು ಹೊಡೆಯಲು ಹೋದ ದಿನ ನಾನು ಪಕ್ಕದಲ್ಲಿ ಗುರುತು ಬರೆದೆ: ‘ಹಿಂದಿನ ಮೆಟ್ಟಿಲು, ಎರಡನೇ ಮಹಡಿ, ಎಣ್ಣೆ ಡಬ್ಬದಲ್ಲಿ ತುಳಸಿ’. ಟೀ ಕೊಟ್ಟಳು. ಮಾತಿನ ನಡುವೆ, ಮೊಣಕೈಯ ಹಳೆಯ ಗಾಯವನ್ನು ಮುಚ್ಚಿಕೊಳ್ಳದೆಯೇ ಹೇಳಿದಳು: “ಊರಾಗ ಸ್ಟೇಷನ್ನಿಗೂ ಹೋಗಿದ್ದೆ. ಹೊಂದಿಕೊಂಡ ಹೋಗವ್ವಾ ಅಂತ ಹೇಳಿ ಮತ್ತ ಗಂಡನ ಕೂಡನ ಕಳಿಸಿದ್ರು.” ಅಷ್ಟಕ್ಕೇ ನನಗೆ ಅರ್ಥವಾಗಿತ್ತು.

ಅರ್ಥವಾಗಿದ್ದೂ ಹೀಗೆ ಮಾಡಿದೆ ಎನ್ನುವುದೇ ಈ ಬರಹದಲ್ಲಿ ನುಂಗಲಾಗದ ತುತ್ತು.

ಆ ಹೊತ್ತಿಗೆ ಕಂಪ್ಯೂಟರು ನನ್ನ ಕಸುಬನ್ನು ತಿನ್ನಲು ಶುರುಮಾಡಿತ್ತು. ಎದುರಿಗೇ ಒಂದು ಸ್ಟಿಕ್ಕರ್ ಅಂಗಡಿ ಬಂದು, ನಾನು ಒಂದು ದಿನ ಬರೆಯುವುದನ್ನು ಹತ್ತು ನಿಮಿಷದಲ್ಲಿ ಕತ್ತರಿಸಿ ಅಂಟಿಸುತ್ತಿತ್ತು. ನಾನು ಸ್ಟೂಲಿನ ಮೇಲೆ ಕುಳಿತು ಒಣಗಿದ ಕುಂಚಗಳನ್ನು ತೊಳೆಯುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಕುತ್ತಿಗೆಗೆ ಟೈ, ಕೈಯಲ್ಲಿ ಫೈಲು ಹಿಡಿದ ಒಬ್ಬರು ಬಂದರು. ಯಾವುದೋ ಹೊಸ ಕಂಪನಿ. ಸೌತ್ ಬೆಂಗಳೂರಿನ ಜನರ ಅಡ್ರೆಸ್ಸನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕುತ್ತಾರಂತೆ. ಹೆಸರು ಹೊಡೆದರೆ ಸಾಕು, ಮನೆ ಬಾಗಿಲಿನವರೆಗೆ ತೋರಿಸುತ್ತದಂತೆ.

“ಎಲ್ಲಾ ಕಡೆ ವಿಚಾರಿಸಿದ್ವಿ ಅಣ್ಣ. ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ವಂತೆ” ಅಂದರು.

ನನ್ನನ್ನು ಮೂಲೆಗೆ ತಳ್ಳಿದ ಕಂಪ್ಯೂಟರು ತಾನಾಗಿ ನನ್ನ ಅಂಗಡಿಗೆ ಬಂದು ಕೈಯೊಡ್ಡಿ ನಿಂತಿತ್ತು. ಬುಕ್ಕು ತೆಗೆದೆ. ಮೂರು ದಿನ ಕುಳಿತು ಬರೆದುಕೊಂಡರು. ಟೀ ನಾನೇ ತರಿಸಿದೆ. ಮೂರನೇ ದಿನ ಆ ಪುಟ ಬಂತು. ಅವರು ‘ರಾಜಶೇಖರ’ ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋಗಿದ್ದರು. ನಾನು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು.

“ಅದು ಬೋರ್ಡಿಗೆ ಮಾತ್ರ ಸಾರ್. ಅಲ್ಲಿರೋದು ಬೇರೆಯೋರು” ಅಂದೆ.

“ಹೌದಾ? ಒಳ್ಳೇದಾಯ್ತು ಹೇಳಿದ್ದು. ಡೇಟಾ ಕರೆಕ್ಟಾಗಿರ್ಬೇಕು ಅಣ್ಣ. ಸರಿಯಾದ್ದು ಹೇಳಿ.”

ಡಿಗ್ರಿ ಓದಿದವರು ಏಳನೇ ಕ್ಲಾಸಿನವನನ್ನು ಸರಿಯಾದದ್ದು ಯಾವುದು ಎಂದು ಕೇಳುತ್ತಿದ್ದರು. ನಾನು ಬೆರಳಿಟ್ಟು ತೋರಿಸಿದೆ. ಆ ಕ್ಷಣ ನನ್ನ ಕಣ್ಣ ಮುಂದೆ ಅವಳೂ ಇರಲಿಲ್ಲ, ಅವಳ ಮೊಣಕೈಯೂ ಇರಲಿಲ್ಲ. ರಸ್ತೆಯಲ್ಲಿ ನಿಂತು ಬೈದ ಆ ವಕೀಲರಿದ್ದರು. ಕಂಪನಿಯವರು ಬರೆದುಕೊಂಡರು. ಪಕ್ಕದ ಗುರುತನ್ನೂ ಬಿಡಲಿಲ್ಲ.

ಹತ್ತು ತಿಂಗಳಾಗಿರಬೇಕು. ಒಂದು ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಟೀ ಅಂಗಡಿಯವನು ಒಬ್ಬರನ್ನು ನನ್ನತ್ತ ಕಳಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕರದಂಟಿನ ಪೊಟ್ಟಣ. ಸಿನಿಮಾದ ಖಳನ ಹಾಗೆ ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ಭಾವಮೈದುನನ ಹಾಗಿದ್ದ.

“ನಮಸ್ಕಾರ್ರೀ ದೊಡ್ಡಾರ. ಈ ಮನಿ ಎಲ್ಲಿ ಬರತೈತ್ರಿ?” ಎಂದು ಒಂದು ಹಾಳೆ ಕೊಟ್ಟ.

ಕಂಪ್ಯೂಟರಿನಿಂದ ತೆಗೆದ ಹಾಳೆ. ಇಂಗ್ಲಿಷಿನಲ್ಲಿತ್ತು. ಅವಳು ಬರೆದ ಮೂರೂ ಹೆಸರು, ಒಂದಕ್ಷರ ತಪ್ಪಿಲ್ಲದೆ. ಕೆಳಗೆ ಹಿಂದಿನ ಮೆಟ್ಟಿಲು, ಎರಡನೇ ಮಹಡಿ, ಎಣ್ಣೆ ಡಬ್ಬದಲ್ಲಿ ತುಳಸಿ. ನನ್ನ ಮಾತೇ ಪ್ಯಾಂಟು ಶರಟು ಹಾಕಿಕೊಂಡು ನನ್ನೆದುರು ಬಂದು ನಿಂತ ಹಾಗಿತ್ತು. ಬಾಯಿ ತನ್ನ ಹಳೆಯ ಪ್ರಶ್ನೆ ಕೇಳಿತು.

“ನೀವು ಬರೋದು ಅವ್ರಿಗೆ ಗೊತ್ತಾ?”

“ಇಲ್ರಿ. ಗೊತ್ತಾದ್ರ ಮತ್ತ ಓಡಿಹೋಗ್ತಾಳ” ಅಂದ. ದನಿ ಏರಲಿಲ್ಲ. “ಎರಡ ವರ್ಷ ಹುಡುಕೇನ್ರಿ. ಪೊಲೀಸರಿಗೆ ಸಿಗಲಿಲ್ಲ, ನೆಂಟರಿಗೆ ಸಿಗಲಿಲ್ಲ. ನಮ್ಮೂರ ಕಂಪ್ಯೂಟರ್ ಅಂಗಡ್ಯಾಗ ಎರಡ ನಿಮಿಷದಾಗ ಸಿಕ್ತು ನೋಡ್ರಿ.”

ಒಂದು ಅಡ್ರೆಸ್ಸೂ ತಪ್ಪಿ ಹೇಳದ ನಾನು ಅಂದು ತಪ್ಪಿ ಹೇಳಿದೆ. ಈ ಕಂಪ್ಯೂಟರಿನವರು ಲೇಔಟಿನ ಸ್ಟೇಜು ತಪ್ಪು ಹಾಕಿದ್ದಾರೆ, ಈ ನಂಬರು ಬರುವುದು ಗೊಟ್ಟಿಗೆರೆ ಕಡೆ, ಬನ್ನೇರುಘಟ್ಟ ರೋಡಿನ ಬಸ್ಸು ಹತ್ತಿ, ಇಳಿದು ಕೆರೆಯ ದಾರಿ ಕೇಳಿ ಎಂದೆ. ಕೈಮುಗಿದು ಹೋದ. ಹೋಗುವಾಗ ಪೊಟ್ಟಣ ಬಿಚ್ಚಿ ಒಂದು ಕರದಂಟು ಕೊಟ್ಟ. ಅದು ಅಂಗೈಯಲ್ಲಿ ಕರಗಿ ಅಂಟಿಕೊಂಡಿತ್ತು. ಅದೇ ಕೈಯಲ್ಲಿ ಟಿವಿಎಸ್ ಗಾಡಿ ಹಿಡಿದು ನರ್ಸಿಂಗ್ ಹೋಮಿಗೆ ಓಡಿದೆ.

ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯಿತು. ಅಳಲಿಲ್ಲ. ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಮನೆಗೆ ಬಂದು ಒಂದು ಗಂಟೆಯೊಳಗೆ ಎರಡು ಚೀಲ ಕಟ್ಟಿದಳು. ಆ ಕೈಗಳಿಗೆ ಹೀಗೆ ಕಟ್ಟಿ ಅಭ್ಯಾಸವಿತ್ತು. ಮಗು ತುಳಸಿಯ ಡಬ್ಬ ತೆಗೆದುಕೊಂಡು ಹೋಗೋಣ ಎಂದು ಹಟ ಹಿಡಿಯಿತು. “ಬ್ಯಾಡವ್ವಾ, ಭಾರ” ಅಂದಳು. ನಾನು ಸ್ಕ್ರೂ ಬಿಚ್ಚಿ ಬೋರ್ಡು ಇಳಿಸುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ನಿಂತು ಕೇಳಿದಳು:

“ಅಣ್ಣಾರ, ನನ್ನ ಖರೇ ಹೆಸರ ಈ ಓಣ್ಯಾಗ ಯಾರಿಗೂ ಗೊತ್ತಿಲ್ಲ. ಮನಿ ಮಾಲಕರಿಗೂ ಬ್ಯಾರೆನ ಹೇಳೀನಿ. ನಿಮ್ಮ ಬುಕ್ಕಿನ್ಯಾಗ ಒಂದ ಬರದಿದ್ದೆ. ಅಂವಗ ಹೆಂಗ ಸಿಕ್ತು?”

ಸ್ಕ್ರೂಡ್ರೈವರು ನನ್ನ ಕೈಯಲ್ಲಿತ್ತು. ಬೀದಿಯಲ್ಲಿ ನಿಂತು ಕಲಿತ ಮಾತು ಬಾಯಲ್ಲಿತ್ತು.

“ಗೊತ್ತಿಲ್ಲಮ್ಮ” ಅಂದೆ.

ನನ್ನನ್ನು ಒಂದು ಗಳಿಗೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆನೋ ಏನೋ. ಮಡಿವಾಳದವರೆಗೆ ಆಟೋ ಮಾಡಿಕೊಟ್ಟೆ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಒಬ್ಬರ ಅಡ್ರೆಸ್ಸು ಕೇಳಬಾರದು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಮರುದಿನ ಆ ಕಂಪನಿಯ ಆಫೀಸು ಹುಡುಕಿಕೊಂಡು ಜಯನಗರಕ್ಕೆ ಹೋದೆ. ಬೇಕರಿಯೊಂದರ ಮೇಲ್ಗಡೆ ಇತ್ತು. ಊರಿನ ಅಡ್ರೆಸ್ಸನ್ನೆಲ್ಲ ಇಟ್ಟುಕೊಂಡವರ ಬಾಗಿಲಿಗೆ ಬೋರ್ಡೇ ಇರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಒಳ್ಳೆಯವಳು.

“ಅಯ್ಯೋ ಪಾಪ ಅಂಕಲ್. ಆದ್ರೆ ಡಿಲೀಟ್ ಮಾಡ್ಬೇಕು ಅಂದ್ರೆ ಅವ್ರೇ ಬರ್ಬೇಕು. ಐಡಿ ಪ್ರೂಫು, ಈಗಿನ್ ಅಡ್ರೆಸ್ ಪ್ರೂಫು ತರ್ಬೇಕು.”

“ಅಲ್ಲಮ್ಮ, ಅಡಗಿಕೊಳ್ಳೋಕೆ ಹೋದೋರು ಎಲ್ಲಿ ಅಡಗಿದೀನಿ ಅಂತ ನಿಮಗೆ ಬರೆದುಕೊಡ್ಬೇಕಾ?”

“ರೂಲ್ಸ್ ಅಂಕಲ್” ಅಂದಳು. ಆಮೇಲೆ ಪಾಪ ಸಮಾಧಾನಕ್ಕೆಂದು, “ಅಡ್ರೆಸ್ ಚೇಂಜ್ ಆಗಿದ್ರೆ ಮಾತ್ರ ಯಾರ್ ಬೇಕಾದ್ರೂ ಅಪ್‌ಡೇಟ್ ಮಾಡಿಸ್ಬೋದು. ಅದಕ್ಕೆ ಪ್ರೂಫ್ ಬೇಡ” ಅಂದಳು.

ನಾನು ಪೆನ್ನು ಕೇಳಿದೆ. ಅವಳ ಹೆಸರಿನ ಎದುರಿಗೆ ಸಿದ್ದಾಪುರದ ನನ್ನ ಮನೆಯ ಅಡ್ರೆಸ್ಸನ್ನು ಬರೆದುಕೊಟ್ಟೆ. ಗುರುತು ಎಂಬ ಜಾಗದಲ್ಲಿ, ‘ಬಾಗಿಲಿಗೆ ಬಿ. ಎಚ್. ರಾಜಶೇಖರ ಎಂಬ ಬೋರ್ಡಿದೆ’ ಎಂದು ಬರೆದೆ. ಮನೆಗೆ ಬಂದು, ಹಿಂದಿನ ದಿನ ಇಳಿಸಿ ತಂದಿದ್ದ ಬೋರ್ಡು ಹೊಡೆದೆ. ಊರಿನ ಹೆಸರನ್ನೆಲ್ಲ ಬರೆದವನ ಮನೆಗೆ ಅಲ್ಲಿಯವರೆಗೆ ಬೋರ್ಡೇ ಇರಲಿಲ್ಲ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತು, “ಇಷ್ಟು ವರ್ಷಕ್ಕೆ ಒಂದು ಬೋರ್ಡ್ ತಂದ್ರಿ, ಅದೂ ಯಾರ್ದೋ” ಅಂದಳು. ಕೂರಿಸಿಕೊಂಡು ಎಲ್ಲ ಹೇಳಿದೆ. ಬೆರಳಿಟ್ಟು ತೋರಿಸಿದವನು ನಾನೇ ಎಂದು ಅವಳಿಗೊಬ್ಬಳಿಗೇ ಹೇಳಿದ್ದು. ಎದ್ದು ನಿಂತು, “ಬುಕ್ ಎಲ್ಲಿ?” ಅಂದಳು. ಅಂದೇ ಸಾಯಂಕಾಲ ಹಿತ್ತಲಲ್ಲಿ ನೀರೊಲೆಗೆ ಹಾಕಿದಳು. ಕೆಂಪು ರಟ್ಟು ತಡವಾಗಿ ಉರಿಯಿತು. ಉರಿದು ಏನು ಬಂತು? ಒಲೆಗೆ ಹಾಕಬೇಕಾದ ಬುಕ್ಕು ನನ್ನ ಮನೆಯಲ್ಲಿರಲಿಲ್ಲ.

ವರ್ಷದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅವನು ಬಂದ. ಅದೇ ಬಿಳಿ ಅಂಗಿ, ಹೊಸ ಹಾಳೆ. ಬೋರ್ಡನ್ನು ಬೆರಳಿಟ್ಟು ಓದಿ, “ರಾಜಶೇಖರ ಅನ್ನಾವ್ರು ಯಾರ್ರಿ?” ಅಂದ.

“ನಾನೇ” ಅಂದೆ.

ನನ್ನ ಮುಖ ನೋಡಿದ. ಗುರುತು ಹತ್ತಿತು. ಗೊಟ್ಟಿಗೆರೆಯ ದಾರಿ ನೆನಪಾಗಿರಬೇಕು. ಮೆಟ್ಟಿಲು ಹತ್ತಿ ನನ್ನ ಅಂಗಿಯ ಕಾಲರು ಹಿಡಿದ. ಮೆಲ್ಲಗೆ, ಹಳೆಯ ಅಭ್ಯಾಸದಂತೆ ಹಿಡಿದ. ಆ ಹಿಡಿತದಲ್ಲಿ ಆ ಹೆಣ್ಣುಮಗಳ ಅಷ್ಟೂ ವರ್ಷ ನನಗೆ ಒಂದೇ ಸಲಕ್ಕೆ ತಿಳಿಯಿತು.

“ಎಲ್ಲಿ ಅದಾಳ?”

“ಗೊತ್ತಿಲ್ಲ.”

“ಸುಳ್ಳ ಹೇಳಬ್ಯಾಡ.”

ಒಳಗಿಂದ ಹೆಂಡತಿ ಲಟ್ಟಣಿಗೆ ಹಿಡಿದೇ ಬಂದಳು. ಪಕ್ಕದ ಮನೆಗಳ ಬಾಗಿಲು ತೆರೆದವು. ಅವನು ಕಾಲರು ಬಿಟ್ಟು ಅಂಗಿ ಸರಿಮಾಡಿಕೊಂಡು ಹೊರಟ. ತಿರುವಿನಲ್ಲಿ ನಿಂತು ಒಮ್ಮೆ ಬೋರ್ಡಿನ ಕಡೆ ನೋಡಿದ.

ಅವನಿಗೆ ಹೇಳಿದ್ದು ಸುಳ್ಳಲ್ಲ. ಅವಳು ಎಲ್ಲಿದ್ದಾಳೋ ನನಗೆ ಇಂದಿಗೂ ತಿಳಿಯದು. ತಿಳಿಯದಿರುವುದನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಂದು ಮೆಟ್ಟಿಲ ಮೇಲೆ ಅವಳು ಕೇಳಿದಾಗ ಹೇಳಿದ್ದು ಸುಳ್ಳು. ಅದರ ಬಾಬ್ತು ನನ್ನ ಮೇಲಿದೆ, ಯಾವ ಆಫೀಸಿಗೆ ಹೋದರೂ ಅಳಿಸಿಕೊಡುವುದಿಲ್ಲ. ಕಂಪ್ಯೂಟರನ್ನು ನಾನು ಬೈಯುವುದಿಲ್ಲ. ಅದಕ್ಕೆ ಹೇಳುವುದೊಂದೇ ಗೊತ್ತು. ಬಂದವರನ್ನು ಒಂದು ಮಾತು ಕೇಳಬೇಕು ಎಂದು ಅದಕ್ಕೆ ಯಾರೂ ಕಲಿಸಿಲ್ಲ. ಕಲಿತಿದ್ದ ನಾನೇ ಕೇಳದೆ ಕೊಟ್ಟೆ.

ಈಗ ಆಯುಧಪೂಜೆಯಲ್ಲಿ ಬುಕ್ಕಿನ ಜಾಗ ಖಾಲಿ ಬಿಡುತ್ತೇನೆ. ಹೋದ ಸಲ ಕುಂಚಗಳಿಗೆ ಪೂಜೆಯಾದ ಮೇಲೆ ಏಣಿ ಹಾಕಿ, ಮಾಸಿದ್ದ ಬೋರ್ಡಿಗೆ ಹೊಸ ಹಳದಿ ಕೊಟ್ಟೆ. ಹೆಂಡತಿ ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದಳು. “ಸ್ವಲ್ಪ ದಪ್ಪ ಬರೀರಿ, ದೂರದಿಂದ ಬರೋರಿಗೆ ಚೆನ್ನಾಗಿ ಕಾಣ್ಬೇಕು” ಅಂದಳು.